'ಎ' ಅನ್ನಾಂಗ ಅತಿಯಾದರೆ ಜೀವಕೋಶಕ್ಕೆ ಕೇಡು

ಯೂರಿಯಾ ಹೆಚ್ಚಾದರೆ ರಾಗಿ ಪೈರು ಮಲಗುವುದನ್ನು ರೈತ ಬಾಂಧವರು ಬಲ್ಲರು. 'ಎ' ಅನ್ನಾಂಗದ ವಿಷಯವೂ ಹಾಗೆಯೇ. ಕೊರತೆಯಾದರೆ ಇರುಳುಗುರುಡು ಬರುತ್ತದೆ. ಮಿತಿಮೀರಿದರೆ ಜೀವಕೋಶಗಳೇ ಹಾಳಾಗುತ್ತವೆ. ಬೆಂಗಳೂರಿನ ಜಯನಗರ, ಬನಶಂಕರಿಯಂಥ ಬಡಾವಣೆಗಳ ಔಷಧದ ಅಂಗಡಿಗಳಲ್ಲಿ ಇದರ ಮಾತ್ರೆಗಳೂ ಮೀನೆಣ್ಣೆ ಗುಳಿಗೆಗಳೂ ದೊರೆಯುತ್ತವೆ. ಆ ಬಡಾವಣೆಗಳಿಗೆ ಸೊಪ್ಪು ಬೆಳೆದು ಕಳಿಸುವವರೂ, ಅದನ್ನು ಕೊಂಡು ತಿನ್ನುವವರೂ ಈ ವಿಷಯ ತಿಳಿದಿರಬೇಕು.

ಜೀವಕೋಶದಲ್ಲಿ ಆಗುವುದೇನು?

'ಎ' ಅನ್ನಾಂಗ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದ ಹೆಚ್ಚಾದದ್ದು ಮೂತ್ರದಲ್ಲಿ ಹೊರಹೋಗದೆ ಪಿತ್ತಜನಕಾಂಗದಲ್ಲಿ ಶೇಖರವಾಗುತ್ತದೆ. ಸಾಮಾನ್ಯವಾಗಿ ಇದು ರಕ್ತದಲ್ಲಿ ಒಂದು ಪ್ರೋಟೀನಿನ ಜೊತೆ ಸೇರಿಯೇ ಸಂಚರಿಸುತ್ತದೆ. ಶೇಖರಣೆ ತುಂಬಿ ತುಳುಕಿದಾಗ ಆ ಕಾವಲಿಲ್ಲದೆ ಹರಿದು ಜೀವಕೋಶಗಳ ಪೊರೆಯನ್ನು ಕೆಡಿಸುತ್ತದೆ.

ಇಂಗ್ಲೆಂಡಿನ ಹಾನರ್ ಫೆಲ್ ಮತ್ತು ಎಡ್ವರ್ಡ್ ಮೆಲನ್ಬಿ ಅವರು 1952ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಭ್ರೂಣದ ಎಳೆ ಮೂಳೆಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅದಕ್ಕೆ 'ಎ' ಅನ್ನಾಂಗವನ್ನು ಅತಿಯಾಗಿ ಸೇರಿಸಿದಾಗ ಮೃದು ಮೂಳೆ ಕರಗತೊಡಗಿತು. ಜೀವಕೋಶದೊಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿವೆ. ಅವುಗಳಿಂದ ಸೋರಿದ ಕಿಣ್ವಗಳು ಸುತ್ತಲ ಅಂಗಾಂಶವನ್ನು ಜೀರ್ಣಿಸಿಬಿಡುವುದು ಮುಂದಿನ ಸಂಶೋಧನೆಗಳಿಂದ ತಿಳಿದುಬಂತು. ಗರ್ಭಿಣಿಯಲ್ಲಿ ಅತಿಯಾದರೆ ಶಿಶುವಿನ ಅಂಗಗಳ ಬೆಳವಣಿಗೆಯೇ ತಪ್ಪಬಹುದು.

ತಲೆನೋವು, ವಾಂತಿ, ಚರ್ಮ ಸುಲಿಯುವುದು, ಕೂದಲು ಉದುರುವುದು, ಮೂಳೆ ನೋವು, ಎಳೆ ಮಗುವಿನ ನೆತ್ತಿ ಉಬ್ಬುವುದು ಇದರ ಲಕ್ಷಣಗಳು.

ಸೊಪ್ಪಿನಿಂದ ಭಯವಿಲ್ಲ

ನುಗ್ಗೆ ಸೊಪ್ಪು, ದಂಟು, ಗಜ್ಜರಿ, ಪರಂಗಿ ಹಣ್ಣುಗಳಲ್ಲಿ ಇರುವುದು ಕೆರೋಟಿನ್. ಶರೀರವು ತನಗೆ ಬೇಕಾದಷ್ಟನ್ನು ಮಾತ್ರ 'ಎ' ಅನ್ನಾಂಗವಾಗಿ ಮಾರ್ಪಡಿಸುತ್ತದೆ. ಬಹಳ ತಿಂದರೆ ಅಂಗೈ ಹಳದಿಯಾಗಬಹುದೇ ಹೊರತು ವಿಷವಾಗದು.

ಗಮನಿಸಬೇಕಾದ ಅಂಶಗಳು

1. ಕುರುಡುತನ ತಡೆಗಟ್ಟಲು 1970ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ಮಕ್ಕಳಿಗೆ 9ನೇ ತಿಂಗಳಿಗೆ 1 ಲಕ್ಷ ಯೂನಿಟ್, ಬಳಿಕ 5 ವರ್ಷ ತುಂಬುವವರೆಗೆ 6 ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ದ್ರಾವಣ ಕುಡಿಸಲಾಗುತ್ತದೆ. ಇದು ಆರು ತಿಂಗಳ ದಾಸ್ತಾನು. ತಪ್ಪದೆ ಹಾಕಿಸಿ, ತಾಯಿ ಕಾರ್ಡಿನಲ್ಲಿ ತಾರೀಖು ಬರೆಸಿ. ಅವಧಿಗೆ ಮೊದಲು ಮತ್ತೊಮ್ಮೆ ಹಾಕಿಸಬೇಡಿ.

2. ವಯಸ್ಕರಿಗೆ ಮಾತ್ರೆ, ಮೀನೆಣ್ಣೆ, ಮಾಂಸಾಹಾರ ಎಲ್ಲ ಸೇರಿ ದಿನಕ್ಕೆ 10,000 ಯೂನಿಟ್ ಮಿತಿ. ಎರಡು ಬಗೆಯ ಟಾನಿಕ್ ಒಟ್ಟಿಗೆ ಸೇವಿಸುವ ಮುನ್ನ ಚೀಟಿ ಓದಿ.

3. ಗರ್ಭಿಣಿಯರು ವೈದ್ಯರನ್ನು ಕೇಳದೆ ಇದರ ಮಾತ್ರೆ ನುಂಗಬಾರದು. ಕುರಿ, ಮೇಕೆಯ ಈಲಿಯನ್ನೂ ತಿನ್ನದಿರುವುದು ಲೇಸು.

4. ಕೋಳಿಮರಿಗಳಿಗೆ ಅಳತೆ ಮೀರಿ ಕೊಟ್ಟರೆ 'ಡಿ' ಅನ್ನಾಂಗದ ಕೆಲಸ ಕೆಟ್ಟು ಕಾಲು ಸೊಟ್ಟಗಾಗುತ್ತದೆ. ದನಗಳಿಗೆ ಚುಚ್ಚುಮದ್ದನ್ನು ಪಶುವೈದ್ಯರ ಸಲಹೆಯಂತೆಯೇ ಕೊಡಿಸಿ.

ಮನೆಯ ಹಿತ್ತಲಲ್ಲಿ ಒಂದು ನುಗ್ಗೆ ಗಿಡ ನೆಡಿ. ಕೊರತೆ ನೀಗುತ್ತದೆ, ಅತಿಯಾಗುವ ಭಯವೂ ಇರದು.