ಹೋಂವರ್ಕಿನ ಮೇಲೆ ಗೆಳೆಯರ ಹೆಸರು

ಅಮೆರಿಕದ ಎಂಐಟಿಯಲ್ಲಿ ಸ್ಟಾಟಾ ಸೆಂಟರ್ ಎಂಬ ಕಟ್ಟಡವಿದೆ. ಬೆಂಕಿ ಆರಿಸುವ ಹೈಡ್ರೆಂಟಿಗೆ ಕುಡಿಯುವ ನೀರಿನ ನಲ್ಲಿ ಜೋಡಿಸಿದ ಒಂದು ವಿಚಿತ್ರ ವಸ್ತುವನ್ನು ಅಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ. 1991ರಲ್ಲಿ ವಿದ್ಯಾರ್ಥಿಗಳು ಇದನ್ನು ಒಂದು ದೊಡ್ಡ ಪಾಠದ ಹಾಲಿನ ಹೊರಗೆ ನಿಲ್ಲಿಸಿದ್ದರು. ಇಲ್ಲಿ ಓದುವುದೆಂದರೆ ಫೈರ್ ಎಂಜಿನ್ನಿನ ಪೈಪಿಗೆ ಬಾಯಿಟ್ಟು ನೀರು ಕುಡಿದ ಹಾಗೆ ಎಂಬ ಮಾತೊಂದು ಹಿಂದಿನ ಅಧ್ಯಕ್ಷ ಜೆರೋಮ್ ವೀಸ್ನರ್ ಅವರ ಹೆಸರಿನಲ್ಲಿ ಚಾಲ್ತಿಯಲ್ಲಿದೆ. ಹುಡುಗರು ಆ ಮಾತನ್ನೇ ಕಣ್ಣೆದುರು ಮಾಡಿ ನಿಲ್ಲಿಸಿದ್ದರು.

ಆ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ. ಎಂಐಟಿಯಲ್ಲಿ ಪ್ರತಿ ವಿಷಯಕ್ಕೂ ಯೂನಿಟ್ಟಿನ ಲೆಕ್ಕವಿದೆ. ತರಗತಿ, ಲ್ಯಾಬು, ಸ್ವಂತ ಓದು ಎಲ್ಲ ಸೇರಿ ವಾರಕ್ಕೆ ಒಂದು ಗಂಟೆಯ ಕೆಲಸವಿದ್ದರೆ ಅದು ಒಂದು ಯೂನಿಟ್. 12 ಯೂನಿಟ್ಟಿನ ನಾಲ್ಕು ವಿಷಯ ಹಿಡಿದರೆ ವಾರಕ್ಕೆ 48 ಗಂಟೆಯಾಯಿತು. ಮೊದಲ ವರ್ಷದ ಕ್ಯಾಲ್ಕುಲಸ್ಸಿಗೆ ತರಗತಿಯಲ್ಲಿ 5 ಗಂಟೆ, ಹೊರಗೆ 7 ಗಂಟೆ. ವಿದ್ಯಾರ್ಥಿಯ ಹಣೆಬರಹ ತೀರ್ಮಾನವಾಗುವುದು ಆ 7 ಗಂಟೆಗಳಲ್ಲೇ.

ಆ ಹೊತ್ತೆಲ್ಲ ಹೋಗುವುದು ಪಿ-ಸೆಟ್ಟಿಗೆ. ಪ್ರಾಬ್ಲಮ್ ಸೆಟ್ ಎಂಬುದನ್ನು ಅಲ್ಲಿನವರು ಹಾಗೆ ಮೊಟಕು ಮಾಡಿಕೊಂಡಿದ್ದಾರೆ. ವಾರಕ್ಕೊಮ್ಮೆ ಕೊಡುವ ಈ ಲೆಕ್ಕಗಳು ಪುಸ್ತಕದ ಹಿಂದಿನ ಅಭ್ಯಾಸದಂತಲ್ಲ. ಪಾಠದಲ್ಲಿ ಹೇಳಿದ್ದನ್ನು ಹಾಗೇ ಹಾಕಿದರೆ ಬಗೆಹರಿಯುವುದಿಲ್ಲ. ಒಂದೇ ಪ್ರಶ್ನೆ ಇಡೀ ಸಂಜೆಯನ್ನು ನುಂಗಬಹುದು. ಅಲ್ಲಿ ಟೀಚಿಂಗ್ ಅಸಿಸ್ಟೆಂಟ್ ಆಗಿ ಪಿ-ಸೆಟ್ ತಿದ್ದುವಾಗ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಹಾಳೆಯ ತಲೆಯ ಕಡೆಗೆ. ಹೆಚ್ಚಿನ ವಿಷಯಗಳಲ್ಲಿ ಜೊತೆಗೂಡಿ ಯೋಚಿಸಲು ಅನುಮತಿ ಇರುತ್ತದೆ. ಉತ್ತರವನ್ನು ಮಾತ್ರ ಅವರವರೇ ಬರೆಯಬೇಕು. ಯಾರ ಜೊತೆ ಕೆಲಸ ಮಾಡಿದೆ ಎಂದು ಮೇಲೆ ಹೆಸರು ಹಾಕಬೇಕು. ಮೂರು ನಾಲ್ಕು ಹೆಸರಿದ್ದ ಹಾಳೆಗಳು ಸಾಕಷ್ಟು ಬರುತ್ತಿದ್ದವು. ಒಂದೂ ಹೆಸರಿಲ್ಲದೆ, ಅರ್ಧಕ್ಕೆ ನಿಂತುಹೋದ ಹಾಳೆ ಕೈಗೆ ಬಂದಾಗ ಆತಂಕವಾಗುತ್ತಿತ್ತು.

ಅಂಥ ಹಾಳೆಗಳಲ್ಲಿ ಒಂದು ಮೈಸೂರು ಕಡೆಯ ಹುಡುಗನದು. ಎಂ.ಎಸ್. ಓದಲು ಬಂದವನು, ಊರಿನಲ್ಲಿ ಯಾವಾಗಲೂ ಮೊದಲಿಗ. ವಿದ್ಯಾರ್ಥಿಗಳು ಬಂದು ಅನುಮಾನ ಕೇಳಲೆಂದೇ ಮೀಸಲಿಟ್ಟ ಆಫೀಸ್ ಅವರ್ಸ್‌ಗೆ ಬರುತ್ತಿರಲಿಲ್ಲ. ಕಾರಿಡಾರಿನಲ್ಲಿ ಕನ್ನಡದಲ್ಲಿ ಮಾತಾಡಿಸಿದಾಗ ತಡವರಿಸುತ್ತ ಹೇಳಿದ: “ಅಕ್ಕಾ, ಹೋಗಿ ಕೇಳಿದ್ರೆ ಇವನಿಗೆ ಏನೂ ಬರಲ್ಲ ಅಂದ್ಕೊಳ್ತಾರೆ.”

ಈ ಭಯ ಅವನೊಬ್ಬನದಲ್ಲ. ನಮ್ಮ ಪಿಯುಸಿ ಕೋಣೆಗಳಲ್ಲಿ ಪಕ್ಕದವನು ನೋಡದಂತೆ ಕೈ ಅಡ್ಡ ಇಟ್ಟು ಬರೆಯುವುದನ್ನು ಮಕ್ಕಳು ಕಲಿಯುತ್ತಾರೆ. ಸಿಇಟಿ ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ ಬರುವ ಫೋಟೊ ಒಬ್ಬೊಬ್ಬರದೇ ಆಗಿರುತ್ತದೆ. ಅಲ್ಲಿಂದ ಹೊರಟವರಿಗೆ ಗೊತ್ತಿಲ್ಲ ಎಂದು ಬಾಯಿಬಿಡುವುದು ಅವಮಾನವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಎಂಐಟಿ ತನ್ನ ಪದವೀಧರರಿಗೆ ರ್‍ಯಾಂಕ್ ಕೊಡುವುದಿಲ್ಲ, ಡಿಸ್ಟಿಂಕ್ಷನ್ನನ್ನೂ ಕೊಡುವುದಿಲ್ಲ. ಪದವಿಯ ಮೊದಲ ಸೆಮಿಸ್ಟರಿನಲ್ಲಿ ಪಾಸಾದರೆ ‘ಪಾಸ್’ ಎಂದಷ್ಟೇ ದಾಖಲು. ನಪಾಸಾದ ವಿಷಯ ಹೊರಗೆ ಕೊಡುವ ಅಂಕಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಮೊದಲ ವರ್ಷಕ್ಕೆ ಗ್ರೇಡಿನಿಂದ ಬಿಡುವು ಕೊಡುವ ಈ ಪ್ರಯೋಗ 1968ರಲ್ಲಿ ಶುರುವಾಯಿತು. ಊರಿಗೆ ಮೊದಲಿಗರಾದವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿದ ಮೇಲೆ ಅರ್ಧದಷ್ಟು ಮಂದಿ ಸರಾಸರಿಗಿಂತ ಕೆಳಗೆ ಬರಲೇಬೇಕು. ಆ ಪೆಟ್ಟನ್ನು ಹದಿನೆಂಟರ ಮಕ್ಕಳು ತಡೆದುಕೊಳ್ಳಲು ಸಂಸ್ಥೆಯೇ ಜಾಗ ಮಾಡಿಕೊಟ್ಟಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳೂ ಇದರ ಬಗ್ಗೆ ಗಂಭೀರವಾಗಿ ಯೋಚಿಸಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಒಂಟಿತನದ ಬೆಲೆ ಎಷ್ಟೆಂಬುದನ್ನು ತೋರಿಸಿಕೊಟ್ಟವರು ಗಣಿತಜ್ಞ ಯೂರಿ ಟ್ರೈಸ್‌ಮನ್. 1970ರ ದಶಕದಲ್ಲಿ ಅವರು ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದಲ್ಲಿದ್ದರು. ಕ್ಯಾಲ್ಕುಲಸ್ಸಿನಲ್ಲಿ ಕಪ್ಪು ವಿದ್ಯಾರ್ಥಿಗಳು ಸೋಲುತ್ತಿದ್ದದ್ದೇಕೆ, ಚೀನೀ ಮೂಲದವರು ಗೆಲ್ಲುತ್ತಿದ್ದದ್ದೇಕೆ ಎಂದು ಹುಡುಕಲು ಹೊರಟರು. ಆಸಕ್ತಿಯಿಲ್ಲ, ತಯಾರಿಯಿಲ್ಲ, ಮನೆಯ ಬೆಂಬಲವಿಲ್ಲ ಎಂದು ಸಹೋದ್ಯೋಗಿಗಳು ಊಹಿಸಿದ್ದರು. ಟ್ರೈಸ್‌ಮನ್ ವಿದ್ಯಾರ್ಥಿಗಳ ಓದಿನ ರೀತಿಯನ್ನು ಹತ್ತಿರದಿಂದ ನೋಡಿದಾಗ ಆ ಊಹೆಗಳು ನಿಲ್ಲಲಿಲ್ಲ. ಸೋಲುತ್ತಿದ್ದವರೂ ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಗೆಲ್ಲುತ್ತಿದ್ದವರು ಒಬ್ಬರೇ ಓದಿದ ಮೇಲೆ ಒಟ್ಟಿಗೆ ಸೇರಿ ಲೆಕ್ಕ ತಾಳೆ ನೋಡುತ್ತಿದ್ದರು, ತಪ್ಪು ತಿದ್ದಿಕೊಳ್ಳುತ್ತಿದ್ದರು, ಊಟವನ್ನೂ ಜೊತೆಗೇ ಮಾಡುತ್ತಿದ್ದರು. ಟ್ರೈಸ್‌ಮನ್ ಸುಲಭದ ಟ್ಯೂಷನ್ ಶುರು ಮಾಡಲಿಲ್ಲ. ಇನ್ನೂ ಕಷ್ಟದ ಲೆಕ್ಕ ಕೊಟ್ಟು, ಗುಂಪಾಗಿ ಬಿಡಿಸುವ ಕಾರ್ಯಾಗಾರ ನಡೆಸಿದರು. ಅದರಲ್ಲಿ ಸೇರಿದ ಕಪ್ಪು ವಿದ್ಯಾರ್ಥಿಗಳ ಫಲಿತಾಂಶ ಗಮನಾರ್ಹವಾಗಿ ಮೇಲೇರಿತು.

ಜೊತೆಗೂಡಿ ಓದಿದರೂ ಹೊರೆ ಪೂರ್ತಿ ಇಳಿಯುವುದಿಲ್ಲ. ಎಂಐಟಿಯಲ್ಲಿ ಮನೋವೈದ್ಯರಾಗಿದ್ದ ಬೆನ್ಸನ್ ಸ್ನೈಡರ್ 1960ರ ದಶಕದಲ್ಲಿ ಅಲ್ಲಿನ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಗಮನಿಸಿ ‘ದ ಹಿಡನ್ ಕರಿಕ್ಯುಲಮ್’ ಪುಸ್ತಕ ಬರೆದರು. ಕೊಟ್ಟ ಕೆಲಸವನ್ನೆಲ್ಲ ಮುಗಿಸಲಾಗದು, ಯಾವುದನ್ನು ಬಿಡಬೇಕೆಂದು ಆರಿಸುವುದೂ ಅಲ್ಲಿನ ಬರೆಯದ ಪಠ್ಯ ಎಂಬುದು ಅವರು ಕಂಡುಕೊಂಡ ಸಂಗತಿ. ಎಲ್ಲವನ್ನೂ ಅಚ್ಚುಕಟ್ಟಾಗಿ ಮುಗಿಸಿಯೇ ಮಲಗುವ ಅಭ್ಯಾಸದ ನಮ್ಮ ಮಕ್ಕಳಿಗೆ ಈ ಪಾಠ ಬಹಳ ಕಷ್ಟದ್ದು.

ಮೈಸೂರಿನ ಹುಡುಗ ಮುಂದಿನ ವಾರ ಆಫೀಸ್ ಅವರ್ಸ್‌ಗೆ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿದ್ದ ಹುಡುಗಿ ಬೋರ್ಡಿನ ಮೇಲೆ ಬರೆದದ್ದರಲ್ಲಿ ಒಂದು ಚಿಹ್ನೆ ತಪ್ಪಿತ್ತು. ಅವನು ಮೆಲ್ಲಗೆ ಅದನ್ನು ತೋರಿಸಿದ. ಇಬ್ಬರೂ ಬೋರ್ಡಿನ ಮುಂದೆ ನಿಂತರು. ಅಷ್ಟಾದರೂ ಆ ಸೆಮಿಸ್ಟರಿನಲ್ಲಿ ಇನ್ನೊಂದು ವಿಷಯದ ಭಾರ ಅವನಿಗೆ ಹೆಚ್ಚೇ ಆಯಿತು. ಸೆಮಿಸ್ಟರಿನ ಬಹುಪಾಲು ಕಳೆದ ಮೇಲೂ ವಿಷಯವನ್ನು ಕೈಬಿಡಲು ಎಂಐಟಿಯಲ್ಲಿ ಅವಕಾಶವಿದೆ. ಕಡೆಯ ದಿನಕ್ಕೆ ಮುಂಚೆ ಅವನು ಅದನ್ನು ಬಿಟ್ಟ. ಮನೆಗೆ ಫೋನ್ ಮಾಡಿದಾಗ “ಫೇಲಾಯ್ತೇನೋ?” ಎಂದು ಅಪ್ಪ ಗಾಬರಿಯಾದರಂತೆ. ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತಂತೆ. ಆ ವಾರ ಅವನು ಕೊಟ್ಟ ಪಿ-ಸೆಟ್ ಪೂರ್ತಿಯಾಗಿತ್ತು, ಮೇಲೆ ಎರಡು ಹೆಸರಿದ್ದವು.