ಸರ್ಕಾರಿ ಖರೀದಿಯಲ್ಲಿ ಸಣ್ಣ ಉದ್ಯಮಗಳ ಪಾಲು

ಕೋಲ್ಕತ್ತ ನಗರವು ಕೋಲ್ ಇಂಡಿಯಾ, ಪೂರ್ವ ರೈಲ್ವೆಗಳಂತಹ ಬೃಹತ್ ಖರೀದಿದಾರ ಸಂಸ್ಥೆಗಳ ಕೇಂದ್ರ. ಹೂಗ್ಲಿ ನದಿಯಾಚೆಯ ಹೌರಾ ಎರಕದ ಸಣ್ಣ ಕಾರ್ಖಾನೆಗಳಿಗೆ ಹೆಸರಾಗಿದೆ. ಇಂತಹ ಕಾರ್ಖಾನೆಗಳಿಗೂ ಸರ್ಕಾರಿ ಖರೀದಿಯಲ್ಲಿ ಪಾಲು ದೊರಕಿಸುವುದು 2012ರ ಸಾರ್ವಜನಿಕ ಖರೀದಿ ನೀತಿಯ ಉದ್ದೇಶ.

2018ರ ತಿದ್ದುಪಡಿಯನ್ವಯ ಕೇಂದ್ರದ ಇಲಾಖೆಗಳು ಹಾಗೂ ಉದ್ದಿಮೆಗಳು ವಾರ್ಷಿಕ ಖರೀದಿಯ ಕನಿಷ್ಠ ಶೇ. 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಪಡೆಯತಕ್ಕದ್ದು. ಇದರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉದ್ಯಮಿಗಳ ಪಾಲು ಶೇ. 4, ಮಹಿಳೆಯರದು ಶೇ. 3.

ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ನೋಂದಾಯಿತ ತಯಾರಕರಿಗೆ ಟೆಂಡರ್ ಪತ್ರಗಳು ಉಚಿತ, ಇ.ಎಂ.ಡಿ. ಠೇವಣಿಯಿಂದಲೂ ವಿನಾಯಿತಿಯುಂಟು. ಠೇವಣಿಯಲ್ಲಿ ಸಿಲುಕಬೇಕಾಗಿದ್ದ ಹಣವು ಕಚ್ಚಾ ಸಾಮಗ್ರಿಗೂ ಕೂಲಿಗೂ ಒದಗುತ್ತದೆ. ದೊಡ್ಡ ಸಂಸ್ಥೆಯ ಕನಿಷ್ಠ ದರ 100 ರೂ. ಆಗಿದ್ದು, ಸಣ್ಣ ಉದ್ಯಮದ ದರ 115 ರೂ. ಮೀರದಿದ್ದಲ್ಲಿ, 100 ರೂ. ದರಕ್ಕೆ ಒಪ್ಪಿ ಪೂರೈಕೆಯಲ್ಲಿ ಪಾಲು ಪಡೆಯಬಹುದು.