ಡೀಸೆಲ್ ಪಿಕಪ್ಪಿಗೆ ಅಭ್ಯಂಜನ

ಬೇ ಏರಿಯಾದ ಕನ್ನಡಿಗರ ಮನೆಗಳ ಮುಂದೆ ನಿಂತಿರುವ ವಾಹನಗಳನ್ನು ಎಣಿಸಿದರೆ ಕ್ಯಾಮ್ರಿ, ಒಡಿಸ್ಸಿಗಳೂ ಕರೆಂಟಿನಲ್ಲಿ ಓಡುವ ಟೆಸ್ಲಾಗಳೂ ಸಾಲುಸಾಲಾಗಿ ಸಿಗುತ್ತವೆ. ಡೀಸೆಲ್ ಪಿಕಪ್ ಟ್ರಕ್ಕು ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಮಂದಿ. ಹಾಗಿದ್ದರೂ ಅದರ ಎರಡು ಫಿಲ್ಟರುಗಳ ಬಗ್ಗೆ ಇಲ್ಲಿ ಬರೆಯಲು ಹೊರಟಿದ್ದೇವೆ. ಕ್ಯಾಂಪಿಂಗ್ ಟ್ರೇಲರ್ ಎಳೆಯುವ ಸ್ನೇಹಿತರು, ಟ್ರೇಸಿಯ ಆಚೆ ಒಂದಷ್ಟು ಎಕರೆ ಜಮೀನು ಮಾಡಿಕೊಂಡವರು ಈಗೀಗ ನಮ್ಮಲ್ಲಿಯೂ ಇದ್ದಾರೆ. ಅಲ್ಲದೆ ಊರಿನಲ್ಲಿ ಅಣ್ಣತಮ್ಮಂದಿರು ನೋಡಿಕೊಳ್ಳುತ್ತಿರುವ ಟ್ರ್ಯಾಕ್ಟರು, ಜೀಪು, ಪಂಪ್‌ಸೆಟ್ಟು ಎಲ್ಲಕ್ಕೂ ಇರುವುದು ಇದೇ ಎರಡು ಫಿಲ್ಟರು: ಒಂದು ಎಂಜಿನ್ ಆಯಿಲಿಗೆ, ಇನ್ನೊಂದು ಡೀಸೆಲ್ಲಿಗೆ. ಟ್ರಕ್ಕು ಇಲ್ಲದವರು ಊರಿಗೆ ಫೋನ್ ಮಾಡಿದಾಗ ವಿಚಾರಿಸಲಾದರೂ ಇದು ಉಪಯೋಗಕ್ಕೆ ಬಂದೀತು.

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸಿ ಬೆಂಕಿ ಹೊತ್ತಿಸುತ್ತದೆ. ಡೀಸೆಲ್ಲಿನಲ್ಲಿ ಕಿಡಿಯ ಮಾತೇ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಗಾಳಿಯೊಳಗೆ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿಯೇ ಉರಿಯುತ್ತದೆ. ಸಿಂಪಡಿಸುವ ಕೆಲಸ ಇಂಜೆಕ್ಟರಿನದು. ನಮ್ಮ ಮನೆಯಲ್ಲಿರುವ 2006ರ ಡಾಡ್ಜ್ ರ‍್ಯಾಮ್ 2500 ಟ್ರಕ್ಕಿನಲ್ಲಿ 5.9 ಲೀಟರಿನ ಕಮಿನ್ಸ್ ಎಂಜಿನ್ನಿದೆ. ಅದರ ಇಂಜೆಕ್ಟರುಗಳಿಗೆ ಡೀಸೆಲ್ ಹೋಗುವ ಒತ್ತಡ 1600 ಬಾರ್‌ವರೆಗೆ ಏರುತ್ತದೆ, ಅಂದರೆ ಸುಮಾರು 23,000 ಪಿ.ಎಸ್.ಐ. ಕಾರಿನ ಚಕ್ರಕ್ಕೆ ನಾವು ಹೊಡೆಸುವ ಗಾಳಿ 32 ಪಿ.ಎಸ್.ಐ. ಎಂಬುದನ್ನು ನೆನಪಿಟ್ಟುಕೊಂಡರೆ ಇದು ಎಂಥ ಒತ್ತಡ ಎಂಬುದು ತಿಳಿಯುತ್ತದೆ. ಇಷ್ಟು ಒತ್ತಡ ಸೋರದಂತೆ ತಡೆಯಬೇಕಾದರೆ ಇಂಜೆಕ್ಟರಿನ ಒಳಗೆ ಒಂದರೊಳಗೊಂದು ಚಲಿಸುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್ ಇರಬೇಕು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ಧೂಳಿನ ಕಣವೊಂದು ಆ ಸಂದಿಗೆ ಹೊಕ್ಕರೆ ಮರಳು ಕಾಗದದಿಂದ ಉಜ್ಜಿದ ಹಾಗೆ.

ಈ ಪಂಪಿನ ಮೇಲೆ ಕೆತ್ತಿರುವ ಹೆಸರು ಬಾಷ್. ಬೆಂಗಳೂರಿನವರಿಗೆ ಇದು ದೂರದ ಹೆಸರಲ್ಲ. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಆಡುಗೋಡಿಯ ನಮ್ಮ ಮೈಕೋ, ಬಾಷ್ ಸಂಸ್ಥೆಯ ಭಾರತದ ಮನೆ. ಅಲ್ಲಿ ತಯಾರಾದ ಡೀಸೆಲ್ ಪಂಪುಗಳು ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳನ್ನು ಓಡಿಸಿವೆ. 2008ರಲ್ಲಿ ಕಂಪನಿಯ ಹೆಸರೂ ಬಾಷ್ ಎಂದೇ ಬದಲಾಯಿತು. ಮೈಕೋ ಲೇಔಟ್ ಎಂಬ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಮೈಕೋದಲ್ಲಿ ದುಡಿದ ಹಿರಿಯರು ನಿಮ್ಮ ಬಂಧುಬಳಗದಲ್ಲಿದ್ದರೆ ಡೀಸೆಲ್ ಪಂಪಿಗೆ ಧೂಳು ಎಂದರೆ ಏನು ಎಂದು ಒಮ್ಮೆ ಕೇಳಿ ನೋಡಿ. ಒಂದು ಸಂಜೆಯ ಹರಟೆಗೆ ಸಾಕಾಗುವಷ್ಟು ಸಿಗುತ್ತದೆ.

ಇನ್ನು ಫಿಲ್ಟರಿನ ವಿಷಯ. ಡಬ್ಬದ ಮೇಲೆ "10 ಮೈಕ್ರಾನ್" ಎಂದು ಬರೆದಿದ್ದರೆ ಅದಕ್ಕಿಂತ ದೊಡ್ಡ ಕಣ ಒಂದೂ ದಾಟುವುದಿಲ್ಲ ಎಂದು ತಿಳಿಯುವುದು ಸಹಜ. ಹಾಗಲ್ಲ. ಎಂಜಿನಿಯರುಗಳು ಬೀಟಾ ಎಂಬ ಲೆಕ್ಕ ಹಾಕುತ್ತಾರೆ: ಫಿಲ್ಟರಿಗೆ ಮೊದಲು ಇದ್ದ ಕಣಗಳ ಸಂಖ್ಯೆಯನ್ನು ಅದನ್ನು ದಾಟಿ ಬಂದ ಕಣಗಳ ಸಂಖ್ಯೆಯಿಂದ ಭಾಗಿಸುವುದು. ಬೀಟಾ 2 ಎಂದರೆ ಎರಡರಲ್ಲಿ ಒಂದು ಕಣ ದಾಟಿಹೋಯಿತು. ಬೀಟಾ 75 ಎಂದರೆ 75ರಲ್ಲಿ ಒಂದು ಮಾತ್ರ ದಾಟಿತು, ಅಂದರೆ ಶೇಕಡಾ 98.7ರಷ್ಟು ಸಿಕ್ಕಿಬಿದ್ದವು. ಎರಡಕ್ಕೂ "10 ಮೈಕ್ರಾನ್" ಎಂಬ ಚೀಟಿ ಅಂಟಿಸಬಹುದು! ಆದ್ದರಿಂದ ಫ್ಯೂಯೆಲ್ ಫಿಲ್ಟರಿನಲ್ಲಿ ಐದು ಡಾಲರು ಉಳಿಸಲು ಹೋಗುವುದು ನಮಗೆ ಸರಿ ಕಾಣುವುದಿಲ್ಲ. ಆರು ಇಂಜೆಕ್ಟರು ಬದಲಿಸಬೇಕಾಗಿ ಬಂದರೆ ಸಾವಿರಾರು ಡಾಲರಿನ ಮಾತು. ಸೋರುವ ಇಂಜೆಕ್ಟರನ್ನು ಹಾಗೆಯೇ ಬಿಟ್ಟರೆ ಪಿಸ್ಟನ್ನೇ ಸುಟ್ಟು ತೂತಾಗಬಹುದು.

ಎರಡು ಫಿಲ್ಟರುಗಳ ಸ್ವಭಾವದಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಡೀಸೆಲ್ ಫಿಲ್ಟರು ಕಟ್ಟಿಕೊಂಡರೆ ಬೇಗ ಗೊತ್ತಾಗುತ್ತದೆ. ಟ್ರೇಲರು ಕಟ್ಟಿಕೊಂಡು ಪಚೇಕೊ ಪಾಸ್ ಹತ್ತುವಾಗ ಎಂಜಿನ್ನು ಏದುಸಿರು ಬಿಡುತ್ತದೆ, ಹಿಂದೆ ಲಾರಿಗಳ ಸಾಲು ಹಾರನ್ ಹೊಡೆಯುತ್ತದೆ. ಆಯಿಲ್ ಫಿಲ್ಟರು ಹಾಗಲ್ಲ. ಅದು ಕಟ್ಟಿಕೊಂಡರೆ ಬೈಪಾಸ್ ವಾಲ್ವು ತೆರೆದುಕೊಂಡು ಸೋಸದ ಆಯಿಲನ್ನೇ ಎಂಜಿನ್ನಿಗೆ ಕಳಿಸುತ್ತದೆ. ಎಂಜಿನ್ನಿಗೆ ಆಯಿಲೇ ಸಿಗದಿರುವುದಕ್ಕಿಂತ ಕೊಳಕು ಆಯಿಲು ಮೇಲು ಎಂಬ ಲೆಕ್ಕಾಚಾರ ಅದು. ಗಾಡಿ ಎಂದಿನಂತೆಯೇ ಓಡುತ್ತದೆ, ಒಳಗಿನ ಸವೆತ ಮಾತ್ರ ಸದ್ದಿಲ್ಲದೆ ನಡೆಯುತ್ತದೆ. ಸದ್ದು ಮಾಡದ ಈ ಫಿಲ್ಟರಿಗೇ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ನಮ್ಮ ಟ್ರಕ್ಕಿನ ಡೀಸೆಲ್ ಫಿಲ್ಟರಿಗೆ 15,000 ಮೈಲಿಯ ಗಡುವು. ಆಯಿಲಿನ ಗಡುವು ಗಾಡಿ ಎಷ್ಟು ಭಾರ ಎಳೆಯುತ್ತದೆ ಎಂಬುದರ ಮೇಲೆ ನಿಂತಿದೆ; ಮ್ಯಾನುಯಲ್ ನೋಡಿ. ಡೀಸೆಲ್ ಎಂಜಿನ್ನಿನ ಆಯಿಲು ಹೊಸದಾಗಿ ಹಾಕಿದ ಕೆಲವು ದಿನಗಳಲ್ಲೇ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ. ಅದು ಮಸಿ, ಹೆದರಬೇಕಾಗಿಲ್ಲ. ಮಸಿಯನ್ನು ಒಂದೆಡೆ ಗಡ್ಡೆ ಕಟ್ಟಲು ಬಿಡದೆ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಆ ಆಯಿಲಿನ ಕೆಲಸ. ಬಣ್ಣ ನೋಡಿ ತೀರ್ಮಾನ ಮಾಡಬಾರದು.

ಇಷ್ಟು ಪೀಠಿಕೆ ಸಾಕು. ಸಾಮಾನುಗಳನ್ನು ಮೊದಲೇ ಹೊಂದಿಸಿಕೊಳ್ಳಿ. ನಮ್ಮ ಎಂಜಿನ್ನಿಗೆ 12 ಕ್ವಾರ್ಟು, ಅಂದರೆ ಸುಮಾರು 11.4 ಲೀಟರ್ ಆಯಿಲು ಬೇಕು. ಫೋರ್ಡಿನ ಹಳೆಯ 7.3 ಲೀಟರ್ ಡೀಸೆಲ್ಲಿಗೆ 15 ಕ್ವಾರ್ಟು! ಆ ಫೋರ್ಡಿನಲ್ಲಿ ಇಂಜೆಕ್ಟರುಗಳನ್ನು ಒತ್ತುವುದೂ ಎಂಜಿನ್ ಆಯಿಲೇ ಆದ್ದರಿಂದ ಆಯಿಲಿನ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಕಾರಿಗೆಂದು ಕೊಂಡಿಟ್ಟ ಸಣ್ಣ ತಟ್ಟೆಯನ್ನು ಕೆಳಗಿಟ್ಟರೆ ಅರ್ಧ ಆಯಿಲು ಡ್ರೈವ್‌ವೇ ಪಾಲಾಗುತ್ತದೆ. 16 ಕ್ವಾರ್ಟಿಗೆ ಕಡಿಮೆಯಿಲ್ಲದ ದೊಡ್ಡ ತಟ್ಟೆ ಇರಲಿ. ಆಯಿಲು 15ಡಬ್ಲ್ಯೂ-40, ಡೀಸೆಲ್ಲಿಗೆಂದೇ ಇರುವ ಸಿ.ಕೆ.-4 ದರ್ಜೆಯದು. ಕೈಗವಸು, ನೂಲು ಉದುರದ ಬಟ್ಟೆ, ಒಂದು ಗಾಜಿನ ಜಾಡಿ (ಹಳೆಯ ಉಪ್ಪಿನಕಾಯಿ ಜಾಡಿಯನ್ನು ಚೆನ್ನಾಗಿ ತೊಳೆದು ಒಣಗಿಸಿದರೆ ಆದೀತು). ಪಿಕಪ್ಪು ಎತ್ತರವಿರುವುದರಿಂದ ಜಾಕ್ ಬೇಕಿಲ್ಲ. ಸಮತಟ್ಟಾದ ಜಾಗ, ಹ್ಯಾಂಡ್ ಬ್ರೇಕು, ಚಕ್ರಕ್ಕೆ ಅಡ್ಡಗಟ್ಟಿ ಸಾಕು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಮೊದಲು ಅಲ್ಲಿನ ನಿಯಮ ಓದಿಕೊಳ್ಳಬೇಕು. ಬಹಳ ಕಡೆ ಪಾರ್ಕಿಂಗಿನಲ್ಲಿ ರಿಪೇರಿ ಕೆಲಸ ನಿಷಿದ್ಧ.

ಡೀಸೆಲ್ ಫಿಲ್ಟರಿನಿಂದ ಆರಂಭಿಸೋಣ, ಎಂಜಿನ್ನು ತಣ್ಣಗಿರುವಾಗ. ಡ್ರೈವರಿನ ಬದಿಯಲ್ಲಿ ಎಂಜಿನ್ನಿಗೆ ಅಂಟಿಕೊಂಡಂತೆ ಒಂದು ಡಬ್ಬಿಯಿದೆ. ಕೆಲಸಕ್ಕೆ ಕೈಹಾಕುವ ಮುನ್ನ ಅದರ ಸುತ್ತಲಿನ ಧೂಳನ್ನು ಒರೆಸಿ ತೆಗೆಯಿರಿ. ಆಮೇಲೆ ಕೆಳಗಿನ ಸಣ್ಣ ಲಿವರನ್ನು ತಿರುಗಿಸಿ ಡೀಸೆಲ್ಲನ್ನು ಗಾಜಿನ ಜಾಡಿಗೆ ಇಳಿಸಿ, ಹತ್ತು ನಿಮಿಷ ಹಾಗೆಯೇ ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮಕ್ಕಳನ್ನು ಕರೆದು ತೋರಿಸಲು ಇದೊಂದು ಒಳ್ಳೆಯ ಪ್ರಯೋಗ. ಈ ನೀರು ಪಂಪಿನೊಳಗೆ ಹೋದರೆ ತುಕ್ಕು ಹಿಡಿಯುತ್ತದೆ, ಡೀಸೆಲ್ಲು ಕೊಡಬೇಕಾದ ಜಾರಿಕೆ ತಪ್ಪುತ್ತದೆ.

ಮುಚ್ಚಳವನ್ನು ಒಂದೂಕಾಲಿಗೆ ತುಸು ಕಡಿಮೆ, ಅಂದರೆ 1-1/8 ಇಂಚಿನ ಸಾಕೆಟ್ಟಿನಿಂದ ಬಿಚ್ಚಿದರೆ ಒಳಗಿನ ಕಾಗದದ ಫಿಲ್ಟರು ಮುಚ್ಚಳದ ಜೊತೆಯಲ್ಲೇ ಮೇಲೆ ಬರುತ್ತದೆ. ಒಮ್ಮೆ ಒಂದು ಗ್ಯಾರೇಜಿನಲ್ಲಿ ಎರಡೂ ಫಿಲ್ಟರು ಬದಲಿಸಿದ್ದೇವೆಂದು ನಮಗೆ ಬಿಲ್ಲು ಕೊಟ್ಟಿದ್ದರು. ಕೆಲವು ವಾರಗಳ ನಂತರ ಈ ಮುಚ್ಚಳ ತೆಗೆದು ನೋಡಿದಾಗ ಒಳಗಿದ್ದುದು ಇದ್ದಿಲಿನಂತೆ ಕಪ್ಪಾದ ಹಳೆಯ ಫಿಲ್ಟರೇ. ಅಂದಿನಿಂದ ಪ್ರತಿ ಹೊಸ ಫಿಲ್ಟರಿನ ಮೇಲೂ ಮಾರ್ಕರಿನಿಂದ ತಾರೀಖು ಮತ್ತು ಮೈಲಿ ಬರೆಯುವ ಪದ್ಧತಿ ಇಟ್ಟುಕೊಂಡಿದ್ದೇವೆ.

ಈಗ ಬರುವುದೇ ಮುಖ್ಯ ಘಟ್ಟ. ಹೊಸ ಫಿಲ್ಟರು ಹಾಕಿ ಡಬ್ಬಿ ಖಾಲಿಯಿದೆಯಲ್ಲ ಎಂದು ಕ್ಯಾನಿನಿಂದ ಡೀಸೆಲ್ ಸುರಿದು ತುಂಬಿಸುವವರುಂಟು. ಅದನ್ನು ಮಾಡಬೇಡಿ. ನಮ್ಮ ಮನೆಯ ಕಾಫಿ ಫಿಲ್ಟರನ್ನೇ ನೆನೆಸಿಕೊಳ್ಳಿ: ಮೇಲಿನ ಬಟ್ಟಲಿನಲ್ಲಿ ಪುಡಿ, ಕೆಳಗಿನ ಬಟ್ಟಲಿನಲ್ಲಿ ಡಿಕಾಕ್ಷನ್. ಕೆಳಗಿನ ಬಟ್ಟಲಿಗೇ ಪುಡಿ ಬಿದ್ದರೆ ಅದನ್ನು ಸೋಸುವವರು ಯಾರು? ಡೀಸೆಲ್ ಫಿಲ್ಟರಿನಲ್ಲಿ ಹೊರಸುತ್ತು ಕೊಳಕು ಬದಿ, ನಡುವಿನ ಕೊಳವೆ ಶುದ್ಧ ಬದಿ. ನಡುವಿಗೆ ಸುರಿದ ಡೀಸೆಲ್ ಎಲ್ಲಿಯೂ ಸೋಸದೆ ನೇರವಾಗಿ 1600 ಬಾರಿನ ಪಂಪಿಗೆ ಹೋಗುತ್ತದೆ. ಫಿಲ್ಟರು ಬಿಚ್ಚಿದ ಆ ಐದು ನಿಮಿಷ ನಮ್ಮ ಕೈಯ ಚೊಕ್ಕತನವೇ ಫಿಲ್ಟರು. ಹೊಸ ಫಿಲ್ಟರನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆಯುವುದೂ ಕೊನೆಯ ಗಳಿಗೆಯಲ್ಲಿ. ಮುಚ್ಚಳದ ಹಳೆಯ ರಬ್ಬರ್ ಉಂಗುರ ತೆಗೆದು ಹೊಸದನ್ನು ಹಾಕಿ, ಅದಕ್ಕೆ ಬೆರಳಿನಿಂದ ತುಸು ಆಯಿಲ್ ಸವರಿ ಮುಚ್ಚಿ. ತೀರ ಬಿಗಿದರೆ ಮುಚ್ಚಳ ಸೀಳುತ್ತದೆ.

ಹಾಗಾದರೆ ಖಾಲಿ ಡಬ್ಬಿ ತುಂಬುವುದು ಹೇಗೆ? ನಿಂತುಹೋದ ಬಸ್ಸಿನ ಬಾನೆಟ್ಟು ತೆಗೆದು ಡ್ರೈವರು "ಏರ್ ಹಿಡಿದಿದೆ" ಎನ್ನುತ್ತ ಪುಟ್ಟ ಪಂಪೊಂದನ್ನು ಚಕಚಕ ಒತ್ತುತ್ತಿದ್ದುದನ್ನು ನಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಜಿ.ಎಂ.ನ ಡ್ಯೂರಾಮ್ಯಾಕ್ಸ್ ಎಂಜಿನ್ನಿನ ಫಿಲ್ಟರಿನ ತಲೆಯ ಮೇಲೆ ಇಂಥದೇ ಕೈಪಂಪು ಇದೆ. ನಮ್ಮ ಟ್ರಕ್ಕಿನಲ್ಲಿ ಈ ಕೆಲಸ ವಿದ್ಯುತ್ ಪಂಪಿನದು. ಕೀಲಿಯನ್ನು ಸ್ಟಾರ್ಟಿನವರೆಗೆ ಕ್ಷಣಮಾತ್ರ ತಿರುಗಿಸಿ, ಎಂಜಿನ್ನು ಹೊತ್ತಿಕೊಳ್ಳುವ ಮೊದಲೇ ಬಿಟ್ಟುಬಿಟ್ಟರೆ ಪಂಪು ಸುಮಾರು 25 ಸೆಕೆಂಡು ತಾನೇ ಓಡಿ ಡೀಸೆಲ್ ತುಂಬಿಸುತ್ತದೆ. ಎರಡು ಮೂರು ಸಲ ಹೀಗೆ ಮಾಡಿದರೆ ಗಾಳಿ ಹೊರಹೋಗುತ್ತದೆ. ಊರಿನ ಟ್ರ್ಯಾಕ್ಟರಿನಲ್ಲಿ ಮಾಡುವಂತೆ ಇಂಜೆಕ್ಟರಿನ ನಟ್ಟು ಸಡಿಲಿಸಿ ಗಾಳಿ ತೆಗೆಯುವ ಉಪಾಯ ಇಲ್ಲಿ ಖಂಡಿತ ಕೂಡದು. ಈ ಒತ್ತಡದ ಡೀಸೆಲ್ ಸೂಜಿಯಂತೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಚುಕ್ಕೆಯಷ್ಟೇ ಗಾಯವಾದರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ವಿಷಯ. ಎಂಜಿನ್ನು ಓಡುತ್ತಿರುವಾಗ ಸೋರಿಕೆ ಹುಡುಕಲು ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ.

ಆಮೇಲೆ ಆಯಿಲು. ಒಂದು ಸುತ್ತು ಹೋಗಿಬಂದು ಎಂಜಿನ್ನು ಬೆಚ್ಚಗಾದ ಮೇಲೆ ಕೆಳಗಿನ ಬೋಲ್ಟು ಬಿಚ್ಚಿ. ಬೆಚ್ಚಗಿದ್ದರೆ ಮಸಿಯೂ ಆಯಿಲಿನ ಜೊತೆ ಇಳಿದುಹೋಗುತ್ತದೆ. ಸುಡುವಷ್ಟು ಬಿಸಿ ಬೇಡ. ಫಿಲ್ಟರು ಪ್ರಯಾಣಿಕರ ಬದಿಯಲ್ಲಿದೆ. ಅದನ್ನು ತಿರುಗಿಸಿ ತೆಗೆದೊಡನೆ ಅದರ ರಬ್ಬರ್ ಗ್ಯಾಸ್ಕೆಟ್ ಜೊತೆಯಲ್ಲೇ ಬಂದಿದೆಯೇ ಎಂದು ನೋಡಲೇಬೇಕು. ಹಳೆಯದು ಎಂಜಿನ್ನಿಗೇ ಅಂಟಿಕೊಂಡಿದ್ದು ಅದರ ಮೇಲೆ ಹೊಸ ಫಿಲ್ಟರು ಬಿಗಿದರೆ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ 12 ಕ್ವಾರ್ಟು ಆಯಿಲೂ ನೆಲದ ಮೇಲೆ. ಹೊಸ ಆಯಿಲ್ ಫಿಲ್ಟರಿಗೆ ಮೊದಲೇ ಆಯಿಲ್ ತುಂಬಿಸಿಕೊಳ್ಳಬಹುದು. ಆದರೆ ಕಾಫಿಯ ಲೆಕ್ಕ ಇಲ್ಲಿಯೂ ಉಂಟು: ನಡುವಿನ ದೊಡ್ಡ ತೂತಿಗೆ ಸುರಿಯದೆ ಸುತ್ತಲಿನ ಸಣ್ಣ ತೂತುಗಳಿಗೆ ನಿಧಾನವಾಗಿ ಸುರಿಯಬೇಕು. ಆಗ ಅದು ಕಾಗದವನ್ನು ದಾಟಿಯೇ ಒಳಗೆ ಇಳಿಯುತ್ತದೆ. ಗ್ಯಾಸ್ಕೆಟ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು, ಸ್ಪ್ಯಾನರ್ ಬೇಡ.

ಮೊದಲು 11 ಕ್ವಾರ್ಟು ಹಾಕಿ ಸ್ಟಾರ್ಟ್ ಮಾಡಿ. ಆಯಿಲ್ ಒತ್ತಡದ ಮುಳ್ಳು ಕೆಲವು ಸೆಕೆಂಡಿನಲ್ಲಿ ಮೇಲೇಳಬೇಕು. ಏಳದಿದ್ದರೆ ಕೂಡಲೇ ಆಫ್ ಮಾಡಿ. ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಒತ್ತಬೇಡಿ, ಟರ್ಬೋಗೆ ಇನ್ನೂ ಆಯಿಲು ತಲುಪಿರುವುದಿಲ್ಲ. ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಬಗ್ಗಿ ನೋಡಿ, ಡಿಪ್‌ಸ್ಟಿಕ್ ನೋಡಿಕೊಂಡು ಉಳಿದದ್ದನ್ನು ತುಂಬಿ.

ಚಳಿಗಾಲದಲ್ಲಿ ಟಾಹೋ ಕಡೆಗೆ ಹೋಗುವವರಿಗೆ ಒಂದು ಮಾತು. ಕೊರೆಯುವ ಚಳಿಯಲ್ಲಿ ಡೀಸೆಲ್ಲಿನ ಮೇಣ ಕೊಬ್ಬರಿ ಎಣ್ಣೆಯಂತೆ ಗಟ್ಟಿಯಾಗತೊಡಗಿ ಮೊದಲು ಕಟ್ಟಿಕೊಳ್ಳುವುದು ಇದೇ ಫಿಲ್ಟರಿನಲ್ಲಿ. ಇಲ್ಲಿಂದ ಅರ್ಧ ಟ್ಯಾಂಕಿನಲ್ಲಿ ಹೊರಟು ಟ್ರಕಿ ಊರಿನಲ್ಲಿ ಅಲ್ಲಿಯ ಚಳಿಗೆ ಹೊಂದುವ ಡೀಸೆಲ್ ತುಂಬಿಸಿಕೊಳ್ಳುವುದು ಜಾಣತನ. ಬಯೋಡೀಸೆಲ್ಲಿಗೆ ಹೊಸದಾಗಿ ಬದಲಾಯಿಸುವವರೂ ಒಂದು ಹೆಚ್ಚಿನ ಫಿಲ್ಟರು ಇಟ್ಟುಕೊಳ್ಳಬೇಕು. ಅದು ಹಳೆಯ ಟ್ಯಾಂಕಿನ ಕೊಳೆಯನ್ನೆಲ್ಲ ತೊಳೆದು ತಂದು ಇಲ್ಲಿಯೇ ಸುರಿಯುತ್ತದೆ. ಅಂದಹಾಗೆ 1998ರ ಮತ್ತು ಆನಂತರದ ಡೀಸೆಲ್ ಪಿಕಪ್ಪುಗಳಿಗೆ ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಸ್ಮಾಗ್ ಪರೀಕ್ಷೆಯುಂಟು. ಕಪ್ಪು ಹೊಗೆ ಕಾರುವ ಸವೆದ ಇಂಜೆಕ್ಟರು ಅಲ್ಲಿ ಸಿಕ್ಕಿಬೀಳುತ್ತದೆ.

ಉಳಿದದ್ದು ಮೂರು ಗ್ಯಾಲನ್ ಕರಿ ಆಯಿಲು. ರಸ್ತೆ ಪಕ್ಕದ ಮಳೆನೀರಿನ ಮೋರಿಯಲ್ಲಿ ಬಿದ್ದದ್ದು, ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಹುಭಾಗ ಬಿಟ್ಟರೆ, ಬೇ ಏರಿಯಾದ ಹೆಚ್ಚಿನ ಊರುಗಳಲ್ಲಿ ಶುದ್ಧೀಕರಣವಿಲ್ಲದೆ ಹೊಳೆಗೆ, ಹೊಳೆಯಿಂದ ಕೊಲ್ಲಿಗೆ ಸೇರುತ್ತದೆ. ಈ ಆಯಿಲನ್ನು ಮುಚ್ಚಳ ಬಿಗಿದ ಕ್ಯಾನಿನಲ್ಲಿ ಆಟೋ ಪಾರ್ಟ್ಸ್ ಅಂಗಡಿಗಳ ಸರ್ಟಿಫೈಡ್ ಸಂಗ್ರಹ ಕೇಂದ್ರಕ್ಕೆ ಕೊಟ್ಟರೆ ದುಡ್ಡು ತೆಗೆದುಕೊಳ್ಳದೆ ಇಳಿಸಿಕೊಳ್ಳುತ್ತಾರೆ. ಸ್ಯಾನ್ ಹೊಸೆಯಂಥ ಕೆಲವು ಊರುಗಳಲ್ಲಿ ಮನೆ ಬಾಗಿಲಿನಿಂದಲೇ ಒಯ್ಯುತ್ತಾರೆ. ಆದರೆ ಅದಕ್ಕೆ ಡೀಸೆಲ್ಲೋ ಕೂಲೆಂಟೋ ಬೆರೆತಿದ್ದರೆ ಮುಟ್ಟುವುದಿಲ್ಲ. ಜಾಡಿಯಲ್ಲಿ ಇಳಿಸಿಟ್ಟ ನೀರು ಬೆರೆತ ಡೀಸೆಲ್ಲು, ತೊಯ್ದ ಡೀಸೆಲ್ ಫಿಲ್ಟರು ಇವನ್ನು ಬೇರೆಯಾಗಿ ಕಟ್ಟಿ ಕೌಂಟಿಯ ಮನೆ-ವಿಷವಸ್ತು ಕೇಂದ್ರಕ್ಕೆ ಒಯ್ಯಬೇಕು. ಸಾಂತಾ ಕ್ಲಾರಾ ಕೌಂಟಿಯಲ್ಲಿ ಅದಕ್ಕೆ ಅಪಾಯಿಂಟ್‌ಮೆಂಟ್ ಬೇಕು. ಫಿಲ್ಟರು ಕೊಳ್ಳುವ ದಿನವೇ ಒಂದು ಶನಿವಾರ ಗೊತ್ತುಮಾಡಿಕೊಂಡರೆ ಜಾಡಿ ಗ್ಯಾರೇಜಿನ ಮೂಲೆಯಲ್ಲಿ ತಿಂಗಳುಗಟ್ಟಲೆ ಕೂರುವುದಿಲ್ಲ.